ಒಬಿಜಿ ಮುಗೀತಾ ಇದೆ, ಗೈನಿಕ್ ಆಂಕಾಲಜಿ ಓದಿ ಹಾಸನಕ್ಕೆ ವಾಪಸ್ ಬರಬಹುದಾ?

ಪ್ರಶ್ನೆ: ಮಲ್ನಾಡ್_ಒಬಿಜಿ

ಎಲ್ಲರಿಗೂ ನಮಸ್ಕಾರ. ನಂದು ಎಂಎಸ್ ಒಬಿಜಿ (ಹೆರಿಗೆ, ಸ್ತ್ರೀರೋಗ) ಕೊನೇ ವರ್ಷ, ಸರ್ಕಾರಿ ಮೆಡಿಕಲ್ ಕಾಲೇಜು. ಊರು ಬೇಲೂರು ತಾಲ್ಲೂಕು ಅರೇಹಳ್ಳಿ ಕಡೆ. ಅಪ್ಪಂದು ಸಣ್ಣ ಕಾಫಿ ತೋಟ. ಮನೇಲಿ ಡಾಕ್ಟರ್ ಆದವಳು ನಾನೊಬ್ಬಳೇ, ಕೇಳೋಕೆ ಯಾರೂ ಇಲ್ಲ, ಅದಕ್ಕೆ ಇಲ್ಲಿ ಕೇಳ್ತಿದೀನಿ.

ನೀಟ್ ಎಸ್‌ಎಸ್ (ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ) ಬರೆಯೋದಂತೂ ಖಾತ್ರಿ. ಬ್ಯಾಚಿನವರೆಲ್ಲ ರಿಪ್ರೊಡಕ್ಟಿವ್ ಮೆಡಿಸಿನ್ ಅಂತಿದಾರೆ. ಐವಿಎಫ್ ಬೋರ್ಡುಗಳು ಏಳ್ತಿರೋ ವೇಗ ನೋಡಿದ್ರೆ ಅವರ ಲೆಕ್ಕ ತಪ್ಪೂ ಅಲ್ಲ. ನನ್ನ ಮನಸ್ಸು ಮಾತ್ರ ಗೈನಿಕ್ ಆಂಕಾಲಜಿ (ಹೆಂಗಸರ ಜನನಾಂಗದ ಕ್ಯಾನ್ಸರ್ ಚಿಕಿತ್ಸೆ) ಕಡೆ. ನಮ್ಮ ಒಪಿಡಿಗೆ ಗರ್ಭಕಂಠದ ಕ್ಯಾನ್ಸರ್ ಬಂದ್ರೆ ನಾವು ಮಾಡೋದು ಇಷ್ಟೇ: ಬಯಾಪ್ಸಿ ತೆಗೀತೀವಿ, ರಿಪೋರ್ಟ್ ಬಂದ ಮೇಲೆ ‘ರೆಫರ್ಡ್ ಟು ಹೈಯರ್ ಸೆಂಟರ್’ ಅಂತ ಬರೆದು ಕಳಿಸ್ತೀವಿ. ಹೈಯರ್ ಸೆಂಟರಲ್ಲಿ ಮುಂದೇನಾಗುತ್ತೆ ಅನ್ನೋದು ಈವರೆಗೂ ಗೊತ್ತಿಲ್ಲ. ರ್‍ಯಾಡಿಕಲ್ ಹಿಸ್ಟರೆಕ್ಟಮಿ (ಗರ್ಭಕೋಶವನ್ನ ಸುತ್ತಲಿನ ಅಂಗಾಂಶದ ಸಮೇತ ತೆಗೆಯೋದು) ಬಗ್ಗೆ ಪರೀಕ್ಷೇಲಿ ಪುಟಗಟ್ಟಲೆ ಬರೀತೀನಿ, ಕಣ್ಣಾರೆ ಒಂದನ್ನೂ ನೋಡಿಲ್ಲ.

ಈಗ ಗೊಂದಲ ಏನಂದ್ರೆ, ಇನ್ನೂ ಮೂರು ವರ್ಷ ಓದಿ ಹಾಸನಕ್ಕೋ ಚಿಕ್ಕಮಗಳೂರಿಗೋ ಬಂದ್ರೆ ಕೆಲಸ ಇರುತ್ತಾ? ಕ್ಯಾನ್ಸರ್ ಅಂದ ಕೂಡಲೇ ಎಲ್ಲರೂ ಬೆಂಗಳೂರು ಬಸ್ ಹತ್ತೋರೇ ತಾನೆ? ಇನ್ನೊಂದು, ಸರ್ಕಾರಿ ಸಂಸ್ಥೆಯ ಎಂಸಿಎಚ್ ಸೀಟು ಹಿಡೀಬೇಕಾ, ರೋಬೋಟ್ ಇರೋ ಕಾರ್ಪೊರೇಟ್ ಆಸ್ಪತ್ರೆಯ ಡಿಆರ್‌ಎನ್‌ಬಿನಾ (ಎರಡೂ ಸೂಪರ್ ಸ್ಪೆಷಾಲಿಟಿ ಓದೇ)? ಸೀಟು ಆರಿಸೋವಾಗ ಏನು ನೋಡಬೇಕು ಅಂತ ಅನುಭವ ಇರೋರು ಹೇಳಿ. ‘ಮನಸ್ಸಿನ ಮಾತು ಕೇಳು’ ಅನ್ನೋ ಉತ್ತರ ಆಗ್ಲೇ ಬೇಕಾದಷ್ಟು ಸಿಕ್ಕಿದೆ, ದಯವಿಟ್ಟು ಅದೊಂದು ಬೇಡ.

ಕೋಟೆ_ಸರ್

ಚಿಕ್ಕಮಗಳೂರಲ್ಲಿ ನರ್ಸಿಂಗ್ ಹೋಂ ನಡೆಸ್ತಾ ತಲೆ ಬೆಳ್ಳಗಾದವನು ನಾನು. ನೇರ ಹೇಳ್ತೀನಮ್ಮ, ಬೇಜಾರು ಮಾಡ್ಕೋಬೇಡ.

ದುಡ್ಡಿರೋ ಪ್ಲಾಂಟರ್ ಮನೆಯವರು ಕಾರ್ ತಗೊಂಡು ಮಣಿಪಾಲಕ್ಕೋ ಬೆಂಗಳೂರಿಗೋ ಹೋಗ್ತಾರೆ. ದುಡ್ಡಿಲ್ಲದವರು ಆಯುಷ್ಮಾನ್ ಕಾರ್ಡ್ ಹಿಡ್ಕೊಂಡು ಕಿದ್ವಾಯಿಗೆ ಹೋಗ್ತಾರೆ. ನಡುವೆ ನಿನಗೆ ಉಳಿಯೋರು ಯಾರು? ಉಳಿದರೂ ಅಂತಿಟ್ಕೋ, ಆರು ಗಂಟೆ ಹಿಡಿಯೋ ಆಪರೇಷನ್‌ಗೆ ಅನಸ್ತೇಷಿಯಾದವರು ಕೂರ್ತಾರಾ? ಅವರಿಗೆ ಇನ್ನೆರಡು ಕಡೆ ಸಿಸೇರಿಯನ್ ಕಾಯ್ತಿರುತ್ತೆ. ರಾತ್ರಿ ಎರಡಕ್ಕೆ ನಾಲ್ಕು ಬಾಟ್ಲಿ ರಕ್ತ ಬೇಕಂದ್ರೆ ಓಡೋರ್‍ಯಾರು? ಒಂದು ಸಾವಾಯ್ತು ಅಂದ್ರೆ ಬೆಳಗ್ಗೆ ಹೊತ್ತಿಗೆ ಗೇಟಿನ ಮುಂದೆ ಊರೇ ನಿಂತಿರುತ್ತೆ. ನಾನು ನೋಡಿದೀನಿ.

ಐವಿಎಫ್ ಮಾಡು, ರಾತ್ರಿ ನಿದ್ದೆಯಾದ್ರೂ ಬರುತ್ತೆ.

ಅಂದಹಾಗೆ, ಇಲ್ಲೇ ಒಬ್ಬಳು ಇದ್ದಿದ್ರೆ ನಾನಂತೂ ಪೇಷೆಂಟ್ ಕಳಿಸ್ತಿದ್ದೆ. ಅದನ್ನೂ ಹೇಳ್ಬೇಕಲ್ಲ.

ಹೇಮಾವತಿ_ಆಂಕೋ

ಸರ್ ಹೇಳಿದ್ದರಲ್ಲಿ ಆಪರೇಷನ್ ಬಗ್ಗೆ ಇರೋದು ಸರಿ, ಐವಿಎಫ್ ನಿದ್ದೆ ಬಗ್ಗೆ ಇರೋದು ಅನುಮಾನ.

ನಾನು ಎಂಸಿಎಚ್ ಮುಗಿಸಿ, ಬೆಂಗಳೂರಲ್ಲಿ ಸ್ವಲ್ಪ ಕಾಲ ಇದ್ದು, ಈಗ ಹಾಸನದಲ್ಲಿ ಪ್ರಾಕ್ಟೀಸ್ ಮಾಡ್ತಿರೋಳು. ಊರು ಚನ್ನರಾಯಪಟ್ಟಣ. ಗೈನಿಕ್ ಆಂಕಾಲಜಿಸ್ಟ್ ಅಂದ್ರೆ ದೊಡ್ಡ ದೊಡ್ಡ ಆಪರೇಷನ್ ಮಾಡೋರು ಅಂತ ಜನ ಅಂದ್ಕೊಂಡಿದಾರೆ, ಓದೋಕೆ ಹೋಗೋರೂ ಹಾಗೇ ಅಂದ್ಕೊಂಡು ಹೋಗ್ತಾರೆ. ಜಿಲ್ಲಾ ಕೇಂದ್ರದಲ್ಲಿ ಕೂತ್ಮೇಲೆ ನನ್ನ ಕೆಲಸದ ದೊಡ್ಡ ಪಾಲು ಆಗಬಾರದ ಆಪರೇಷನ್ ತಡೆಯೋದು.

ಹೋದ ಮಳೆಗಾಲದಲ್ಲಿ ಅರಕಲಗೂಡು ಕಡೆಯಿಂದ ಒಬ್ಬರು ಬಂದಿದ್ರು, ಐವತ್ತು ದಾಟಿದೋರು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ಕಾಣಿಸ್ಕೊಂಡಿದೆ. ಯಾವುದೋ ಕಡೆ ಸ್ಕ್ಯಾನಿಂಗ್ ಮಾಡಿ ‘ಬಲ್ಕಿ ಯುಟೆರಸ್’ (ಗರ್ಭಕೋಶ ದಪ್ಪಗಿದೆ) ಅಂತ ಬರೆದು, ಗರ್ಭಕೋಶ ತೆಗೆಯೋಕೆ ಡೇಟ್ ಕೊಟ್ಟಾಗಿತ್ತು. ಆಯಮ್ಮನಿಗೂ ಅದೇ ಬೇಕು. ‘ತೆಗೆದು ಬಿಸಾಕಿ ಡಾಕ್ಟ್ರೇ, ಇನ್ನು ಅದನ್ನಿಟ್ಕೊಂಡು ಏನ್ಮಾಡ್ಲಿ’ ಅಂದ್ರು. ಸ್ಪೆಕ್ಯುಲಮ್ (ಯೋನಿ ಅಗಲಿಸಿ ಗರ್ಭಕಂಠ ನೋಡೋ ಉಪಕರಣ) ಹಾಕಿದೆ. ಗರ್ಭಕಂಠದ ಮೇಲ್ತುಟಿ ಪೂರ್ತಿ ಹೂಕೋಸಿನ ಹಾಗೆ ಬೆಳೆದಿದೆ, ಹತ್ತಿ ತಾಕಿದ್ರೆ ರಕ್ತ. ಅಂದ್ರೆ ಡೇಟ್ ಕೊಡೋ ಮುಂಚೆ ಯಾರೂ ಸ್ಪೆಕ್ಯುಲಮ್ ಹಾಕಿರಲಿಲ್ಲ. ರೆಕ್ಟಲ್ ಪರೀಕ್ಷೆ ಮಾಡಿದ್ರೆ ಎಡಗಡೆ ಪ್ಯಾರಾಮೀಟ್ರಿಯಂ (ಗರ್ಭಕಂಠದ ಪಕ್ಕದ ಅಂಗಾಂಶ) ಗಟ್ಟಿಯಾಗಿ ದಪ್ಪಗಿದೆ, ಆದ್ರೆ ಸೊಂಟದ ಗೋಡೆ ಮುಟ್ಟಿಲ್ಲ. ಪಂಚ್ ಫೋರ್ಸೆಪ್ಸಲ್ಲಿ ತುಣುಕು ತೆಗೆದೆ, ಮಾನ್ಸೆಲ್ ಪೇಸ್ಟ್ ಒತ್ತಿ ಹಿಡಿದು ರಕ್ತ ನಿಲ್ಲಿಸೋಕೆ ಅರ್ಧ ಗಂಟೆ ಬೇಕಾಯ್ತು. ರಿಪೋರ್ಟ್ ಬಂತು, ಸ್ಕ್ವೇಮಸ್ ಸೆಲ್ ಕಾರ್ಸಿನೋಮ, ಗರ್ಭಕಂಠದ ಕ್ಯಾನ್ಸರ್. ಸ್ಟೇಜ್ 2ಬಿ, ಅಂದ್ರೆ ಗರ್ಭಕಂಠ ದಾಟಿ ಪಕ್ಕಕ್ಕೆ ಹರಡಿದೆ.

2ಬಿಗೆ ಚಾಕು ಹಾಕೋದಿಲ್ಲ. ವಾರಕ್ಕೊಂದು ಸಿಸ್‌ಪ್ಲಾಟಿನ್ ಕೀಮೋ ಜೊತೆ ಹೊರಗಿನ ರೇಡಿಯೇಷನ್, ಆಮೇಲೆ ಬ್ರಾಕಿಥೆರಪಿ (ಗರ್ಭಕೋಶದೊಳಗಿಂದ ಕೊಡೋ ರೇಡಿಯೇಷನ್), ಎಲ್ಲ ಸೇರಿ ಎಂಟು ವಾರದೊಳಗೆ ಮುಗೀಬೇಕು. ಅವರಿಗೆ ಅವತ್ತು ಸಾದಾ ಹಿಸ್ಟರೆಕ್ಟಮಿ ಆಗಿದ್ದಿದ್ರೆ ಗಡ್ಡೆ ನಡುವೇನೇ ಕತ್ತರಿ ಹೋಗಿರೋದು. ಆಮೇಲೆ ಬ್ರಾಕಿಥೆರಪಿಗೆ ಒಳಗೆ ನಳಿಕೆ ಇಡೋಣ ಅಂದ್ರೆ ಇಡೋಕೆ ಗರ್ಭಕೋಶವೇ ಇಲ್ಲ. ಇದು ಯಾವುದೋ ಅಪರೂಪದ ಕಥೆ ಅಂದ್ಕೋಬೇಡಿ. ಆಪರೇಷನ್ ಆದ ಮೇಲೆ ಪ್ಯಾಥಾಲಜಿ ರಿಪೋರ್ಟಲ್ಲಿ ಕ್ಯಾನ್ಸರ್ ಅಂತ ನೋಡಿ ಬರೋರು ನನ್ನ ಒಪಿಡಿಗೆ ಹೊಸಬರೇನಲ್ಲ.

ಅಂಡಾಶಯದ ಗಂಟಿನದ್ದೂ ಇದೇ ಪಾಡು. ಮುಟ್ಟು ನಿಂತಿದೆ, ಸ್ಕ್ಯಾನಲ್ಲಿ ಗಂಟಿನೊಳಗೆ ಗಟ್ಟಿ ಭಾಗ ಇದೆ, ರಕ್ತದಲ್ಲಿ ಸಿಎ 125 ಏರಿದೆ ಅಂದ್ರೆ ಆರ್‌ಎಂಐ (ಕ್ಯಾನ್ಸರ್ ಇರೋ ಅಪಾಯದ ಸೂಚ್ಯಂಕ) ಲೆಕ್ಕ ಹಾಕೋಕೆ ಎರಡು ನಿಮಿಷ ಸಾಕು. 200 ದಾಟಿದ್ರೆ ಅದನ್ನ ಚುಚ್ಚಿ ನೀರು ತೆಗೆಯೋ ಯೋಚನೆ ಬಿಡಬೇಕು. ಗಂಟಿನೊಳಗೇ ಇದ್ದ ಸ್ಟೇಜ್ 1ಎ ಕ್ಯಾನ್ಸರ್ ಆಪರೇಷನ್ ಟೇಬಲ್ ಮೇಲೆ ಒಡೆದ್ರೆ ಸ್ಟೇಜ್ 1ಸಿ1. ಒಂದು ಸೂಜಿಯಿಂದ ಆ ಹೆಂಗಸಿನ ಸ್ಟೇಜೇ ಬದಲಾಗುತ್ತೆ.

ಹಣದ ವಿಷಯ. ಅರಕಲಗೂಡಿನೋರಿಂದ ನನಗೆ ಬಂದಿದ್ದು ಕನ್ಸಲ್ಟೇಷನ್, ಬಯಾಪ್ಸಿ ಫೀಸು ಅಷ್ಟೇ. ಆಪರೇಷನ್ ಮಾಡಿದ್ದಿದ್ರೆ ಅದರ ಹತ್ತಾರು ಪಟ್ಟು ಬರ್ತಿತ್ತು. ಈ ಲೆಕ್ಕ ಗೊತ್ತಿದ್ದೇ ಬನ್ನಿ. ಬದುಕೋಕೆ ತೊಂದರೆ ಇಲ್ಲ, ಐವಿಎಫ್ ಗೆಳತಿಯ ಕಾರ್ ನೋಡಿ ಹೊಟ್ಟೆ ಉರ್‍ಕೊಳ್ಳೋ ಸ್ವಭಾವ ಇದ್ರೆ ಮಾತ್ರ ಕಷ್ಟ.

ಇನ್ನೊಂದು ಯಾರೂ ಹೇಳ್ಕೊಡಲ್ಲ: ನಾನು ಹೆರಿಗೆ ಬಿಟ್ಟೆ, ಫೈಬ್ರಾಯ್ಡಿಗೆ ಗರ್ಭಕೋಶ ತೆಗೆಯೋದನ್ನೂ ಬಿಟ್ಟೆ. ಆದಾಯ ಅರ್ಧಕ್ಕಿಳೀತು, ಮನೇಲಿ ಬೈಸ್ಕೊಂಡೆ. ಆದ್ರೆ ಊರಿನ ಒಬಿಜಿಯವರು ಪೇಷೆಂಟ್ ಕಳಿಸೋಕೆ ಶುರು ಮಾಡಿದ್ದು ಆಮೇಲೇನೇ. ‘ಇವಳ ಹತ್ರ ಕಳಿಸಿದ್ರೆ ಪೇಷೆಂಟು, ಅವಳ ಮಗಳ ಹೆರಿಗೆ, ಸೊಸೆಯ ಹೆರಿಗೆ ಎಲ್ಲ ಅಲ್ಲೇ ಉಳ್ಕೊಳ್ಳುತ್ತೆ’ ಅನ್ನೋ ಭಯ ಅವರಿಗಿರುತ್ತೆ, ತಪ್ಪೇನಿಲ್ಲ. ನೋಡಿದ ಮೇಲೆ ಕಳಿಸಿದವರಿಗೇ ಪತ್ರ ಬರೆದು ವಾಪಸ್ ಕಳಿಸ್ತೀನಿ. ಕೋಟೆ ಸರ್ ಥರದ ಹಿರಿಯರು ವಯಸ್ಸಲ್ಲಿ ಚಿಕ್ಕೋಳಾದ ನನ್ನ ನಂಬಿದ್ದು ಡಿಗ್ರಿ ನೋಡಿ ಅಲ್ಲ, ಆ ಪತ್ರ ನೋಡಿ.

ಮಲ್ನಾಡ್_ಒಬಿಜಿ

ಮೇಡಂ, ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಹಾಗಾದ್ರೆ ನೀವು ಹಾಸನದಲ್ಲಿ ರ್‍ಯಾಡಿಕಲ್ ಮಾಡೋದೇ ಇಲ್ವಾ? ಮಾಡದೇ ಇದ್ರೆ ಮೂರು ವರ್ಷ ಕಲಿತಿದ್ದು ಕೈ ಬಿಟ್ಟು ಹೋಗಲ್ವಾ? ಮತ್ತೆ ಆ ರೋಬೋಟ್ ಪ್ರಶ್ನೆ...

ಹೇಮಾವತಿ_ಆಂಕೋ

ಮಾಡ್ತೀನಿ, ಹಾಸನದಲ್ಲಲ್ಲ. ಬುಧವಾರ ಮೈಸೂರಿನ ಒಂದು ದೊಡ್ಡ ಆಸ್ಪತ್ರೆಯ ಟೀಮ್ ಜೊತೆ ಆಪರೇಟ್ ಮಾಡ್ತೀನಿ. ಅಲ್ಲಿ ಐಸಿಯು ಇದೆ, ಫ್ರೋಜನ್ ಸೆಕ್ಷನ್ (ಆಪರೇಷನ್ ನಡುವೇನೇ ತುಣುಕಿನ ರಿಪೋರ್ಟ್) ಇದೆ, ಕರುಳು ಕತ್ತರಿಸಬೇಕಾಗಿ ಬಂದ್ರೆ ಪಕ್ಕದ ಥಿಯೇಟರಲ್ಲೇ ಸರ್ಜನ್ ಇರ್ತಾರೆ. ಹಾಸನದ ಪೇಷೆಂಟ್‌ನ ನಾನೇ ಕರ್‍ಕೊಂಡು ಹೋದ ಹಾಗೆ, ಹೊಲಿಗೆ ಬಿಚ್ಚೋದು, ಕೀಮೋ, ಫಾಲೋ ಅಪ್ ಎಲ್ಲ ಹಾಸನದಲ್ಲಿ.

ಇದಕ್ಕೆ ಕಾರಣ ಹೆದರಿಕೆ ಅಲ್ಲ, ಸಂಖ್ಯೆ. ಯುರೋಪಿನ ಗೈನಿಕ್ ಆಂಕಾಲಜಿ ಸಂಘ ಇಎಸ್‌ಜಿಓ 2016ರಲ್ಲಿ ಮುಂದುವರಿದ ಅಂಡಾಶಯದ ಕ್ಯಾನ್ಸರ್ ಆಪರೇಷನ್‌ಗೆ ಗುಣಮಟ್ಟದ ಅಳತೆ ಗೊತ್ತು ಮಾಡ್ತು. ಒಂದು ಕೇಂದ್ರದಲ್ಲಿ ವರ್ಷಕ್ಕೆ ಕನಿಷ್ಠ 20 ಇಂಥ ಆಪರೇಷನ್ ಆಗಬೇಕು, 100 ಆದ್ರೆ ಉತ್ತಮ. 2020ರಲ್ಲಿ ಗರ್ಭಕಂಠದ ರ್‍ಯಾಡಿಕಲ್ ಸರ್ಜರಿಗೆ ಕನಿಷ್ಠ 15, ಉತ್ತಮ ಅಂದ್ರೆ 30. ನಮ್ಮ ದೇಶಕ್ಕೆ ಅದು ಕಾನೂನಲ್ಲ, ನಮ್ಮ ರೋಗಿಗಳ ಸಂಖ್ಯೆಯೂ ಬೇರೆ. ಆದ್ರೂ ಸತ್ಯ ಸತ್ಯವೇ. ಬಿಎಂ ರೋಡ್‌ನ ನರ್ಸಿಂಗ್ ಹೋಂನಲ್ಲಿ ಒಬ್ಬಳೇ ಕೂತು ವರ್ಷಕ್ಕೆ ನಾಲ್ಕೈದು ರ್‍ಯಾಡಿಕಲ್ ಮಾಡಿದ್ರೆ ಕೈ ಪಳಗೋದಿಲ್ಲ, ಜಂಬ ಮಾತ್ರ ಬೆಳೆಯುತ್ತೆ.

ರೋಬೋಟ್ ವಿಷಯಕ್ಕೆ ಬರ್ತೀನಿ. 2018ರ ಲ್ಯಾಕ್ ಟ್ರಯಲ್ ಓದಿ, ಸಂದರ್ಶನಕ್ಕೆ ಅಂತ ಅಲ್ಲ, ನಿಮಗೋಸ್ಕರ. ಆರಂಭಿಕ ಹಂತದ ಗರ್ಭಕಂಠದ ಕ್ಯಾನ್ಸರ್ ಇದ್ದ 631 ಹೆಂಗಸರು, ಅರ್ಧ ಜನಕ್ಕೆ ಹೊಟ್ಟೆ ಕೊಯ್ದು ರ್‍ಯಾಡಿಕಲ್, ಅರ್ಧ ಜನಕ್ಕೆ ಲ್ಯಾಪ್ರೊಸ್ಕೋಪ್ ಇಲ್ಲಾ ರೋಬೋಟ್. ನಾಲ್ಕೂವರೆ ವರ್ಷಕ್ಕೆ ರೋಗ ಮರುಕಳಿಸದೆ ಇದ್ದವರು ಓಪನ್ ಕಡೆ ಶೇ. 96.5, ಕೀಹೋಲ್ ಕಡೆ ಶೇ. 86. ಸಣ್ಣ ಗಾಯ, ಬೇಗ ಡಿಸ್ಚಾರ್ಜ್, ಚೆಂದದ ವಿಡಿಯೋ ಎಲ್ಲ ಇದ್ದೂ ರೋಗಿಗೆ ನಷ್ಟ ಆಗಿತ್ತು. ಆ ಫಲಿತಾಂಶ ಬಂದ ಮೇಲೆ ಜಗತ್ತಿನ ಎಷ್ಟೋ ಕೇಂದ್ರಗಳು ಮತ್ತೆ ಹೊಟ್ಟೆ ಕೊಯ್ಯೋಕೆ ಶುರು ಮಾಡಿದ್ವು. ಓಪನ್ ರ್‍ಯಾಡಿಕಲ್ ಕೈಯಲ್ಲಿ ಇಲ್ಲದ ಹುಡುಗರಿಗೆ ಆಗ ತೊಂದರೆ ಆಯ್ತು. ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ ಲ್ಯಾಪ್ರೊಸ್ಕೋಪಿ ಒಳ್ಳೇದೇ, ಅದನ್ನ ಕಲೀಲೇಬೇಕು. ಆದ್ರೆ ಯೂರೇಟರ್‌ನ (ಕಿಡ್ನಿಯಿಂದ ಮೂತ್ರ ತರೋ ನಾಳ) ಟನಲ್‌ನಿಂದ ಬಿಡಿಸೋದು ತೆರೆದ ಹೊಟ್ಟೇಲಿ, ಬೆರಳಿನ ತುದೀಲಿ ಕಲಿತಿರಬೇಕು. ಯುಟೆರೈನ್ ಆರ್ಟರಿ ಕಟ್ಟಿ ಪಕ್ಕಕ್ಕೆ ಎತ್ತಿದ ಮೇಲೆ ಅದರ ಕೆಳಗೆ ಯೂರೇಟರ್ ಹುಳದ ಹಾಗೆ ಹೊರಳೋದು ಕಾಣುತ್ತಲ್ಲ, ಅಲ್ಲಿಂದ ಬ್ಲ್ಯಾಡರ್‌ವರೆಗಿನ ಎರಡು ಸೆಂಟಿಮೀಟರೇ ಪೂರ್ತಿ ಆಪರೇಷನ್. ಉಳಿದಿದ್ದು ಯಾರು ಬೇಕಾದ್ರೂ ಮಾಡ್ತಾರೆ.

ಮತ್ತೆ, ರ್‍ಯಾಡಿಕಲ್ ಕಲಿಯೋದರ ಜೊತೆಗೆ ಅದು ಯಾರಿಗೆ ಬೇಡ ಅನ್ನೋದೂ ಈಗ ಪಾಠದಲ್ಲೇ ಬಂದಿದೆ. 2024ರ ಶೇಪ್ ಟ್ರಯಲ್ ಪ್ರಕಾರ ಎರಡು ಸೆಂಟಿಮೀಟರ್ ದಾಟದ, ಕಡಿಮೆ ಅಪಾಯದ ಗಡ್ಡೆಗೆ ಸಾದಾ ಹಿಸ್ಟರೆಕ್ಟಮಿ ಸಾಕು, ಮೂತ್ರದ ತೊಂದರೆಯೂ ಕಡಿಮೆ. ಆದ್ರೆ ‘ಕಡಿಮೆ ಅಪಾಯ’ ಅಂತ ಮೊದಲೇ ಬಯಾಪ್ಸಿ, ಎಂಆರ್‌ಐ ನೋಡಿ ಗೊತ್ತು ಮಾಡ್ಕೊಂಡಿರಬೇಕು. ಗೊತ್ತಿಲ್ಲದೆ ಮಾಡಿದ ಸಾದಾ ಹಿಸ್ಟರೆಕ್ಟಮಿಗೂ ಗೊತ್ತಿದ್ದು ಮಾಡಿದ್ದಕ್ಕೂ ಹೋಲಿಕೆ ಇಲ್ಲ.

ಸೀಟು ಆರಿಸೋವಾಗ ವೆಬ್‌ಸೈಟ್ ನೋಡಬೇಡಿ, ಎರಡನೇ ವರ್ಷದ ರೆಸಿಡೆಂಟ್‌ಗೆ ಫೋನ್ ಮಾಡಿ. ಕೇಳಬೇಕಾದ್ದು: ರ್‍ಯಾಡಿಕಲ್‌ನಲ್ಲಿ ಒಂದು ಪಕ್ಕ ನಿಮಗೆ ಬಿಡ್ತಾರಾ? ಒಳ್ಳೇ ಕಡೆ ಬಲಗಡೆ ಕನ್ಸಲ್ಟೆಂಟ್ ಮಾಡಿ ತೋರಿಸಿದ್ರೆ ಎಡಗಡೆ ರೆಸಿಡೆಂಟ್ ಮಾಡ್ತಾರೆ. ಮೂರು ವರ್ಷ ರಿಟ್ರಾಕ್ಟರ್ ಹಿಡಿದು ಬಂದವರೂ ಇದಾರೆ, ಅವರ ಸರ್ಟಿಫಿಕೇಟೂ ನಿಮ್ಮದರ ಥರಾನೇ ಇರುತ್ತೆ. ಕೀಮೋ ಯಾರು ಬರೀತಾರೆ, ನಿಮ್ಮ ಡಿಪಾರ್ಟ್‌ಮೆಂಟಾ, ಮೆಡಿಕಲ್ ಆಂಕಾಲಜಿನಾ? ಅಮೆರಿಕದಲ್ಲಿ ಗೈನಿಕ್ ಆಂಕಾಲಜಿಸ್ಟೇ ಕೀಮೋ ಕೊಡ್ತಾರೆ, ಇಂಗ್ಲೆಂಡಲ್ಲಿ ಬಹುತೇಕ ಬೇರೆಯವರು. ನಮ್ಮಲ್ಲಿ ಒಂದೊಂದು ಸಂಸ್ಥೇಲಿ ಒಂದೊಂದು ಥರ. ಹಾಸನಕ್ಕೆ ಬರೋ ಮನಸ್ಸಿದ್ರೆ ಕೀಮೋ ಕಲಿಸೋ ಕಡೆಗೇ ಹೋಗಿ, ನನ್ನ ಮಾತು ಕೇಳಿ. ರೇಡಿಯೋಥೆರಪಿ ಪೋಸ್ಟಿಂಗಲ್ಲಿ ಬ್ರಾಕಿಥೆರಪಿ ಅಪ್ಲಿಕೇಟರ್ ಕೈಯಾರೆ ಹಾಕಿಸ್ತಾರಾ, ಸಹಿ ಹಾಕಿಸ್ಕೊಂಡು ಟೀ ಕುಡಿಯೋಕೆ ಕಳಿಸ್ತಾರಾ ಅಂತಲೂ ಕೇಳಿ. ಟ್ಯೂಮರ್ ಬೋರ್ಡಲ್ಲಿ (ಎಲ್ಲ ವಿಭಾಗದವರು ಕೂತು ಕೇಸ್ ಚರ್ಚಿಸೋ ಸಭೆ) ಜೂನಿಯರ್ ಬಾಯಿ ಬಿಡಬಹುದಾ ಅನ್ನೋದು ಕೊನೇ ಪ್ರಶ್ನೆ, ಉತ್ತರ ಕೊಡೋ ಮುಂಚೆ ಅವರು ನಕ್ಕರೆ ಅರ್ಥ ಮಾಡ್ಕೊಳ್ಳಿ.

ಪೇಷೆಂಟ್ ಸಂಖ್ಯೆ ದೊಡ್ಡ ಸರ್ಕಾರಿ, ಧರ್ಮಾರ್ಥ ಕ್ಯಾನ್ಸರ್ ಕೇಂದ್ರಗಳಲ್ಲಿ ಹೆಚ್ಚು, ಬೆಂಗಳೂರಿನ ಕಿದ್ವಾಯಿ, ಚೆನ್ನೈನ ಅಡ್ಯಾರ್, ತಿರುವನಂತಪುರದ ಆರ್‌ಸಿಸಿ ಥರದ ಕಡೆ. ಕಾರ್ಪೊರೇಟಲ್ಲಿ ಉಪಕರಣ ಹೆಚ್ಚು, ಆದ್ರೆ ದುಡ್ಡು ಕೊಟ್ಟ ಪೇಷೆಂಟ್ ಕನ್ಸಲ್ಟೆಂಟ್‌ನ ಕೈಯೇ ಬೇಕು ಅಂತಾರೆ. ನನ್ನ ಓಟು ಎಲ್ಲಿಗೆ ಅಂತ ಇನ್ನು ಬಿಡಿಸಿ ಹೇಳ್ಬೇಕಿಲ್ಲ. ಸರ್ಕಾರಿ ಸೀಟಿಗೆ ಬಾಂಡ್ ಎಷ್ಟು ಅಂತ ಮಾತ್ರ ಆಯಾ ರಾಜ್ಯದ್ದು ಓದ್ಕೊಂಡೇ ಚಾಯ್ಸ್ ಹಾಕಿ.

ಇನ್ನು ಹೊರದೇಶ. ಯುರೋಪಲ್ಲಿ ಓದ್ತಿರೋ ಕಿರಿಯರದ್ದೇ ಒಂದು ಜಾಲ ಇದೆ, ಎನಿಗೋ ಅಂತ, ಇಎಸ್‌ಜಿಓದ ಅಂಗ. ಗೈನಿಕ್ ಕ್ಯಾನ್ಸರಿನ ಅಂತರರಾಷ್ಟ್ರೀಯ ಸಂಘ ಐಜಿಸಿಎಸ್ ಆನ್‌ಲೈನ್ ಟ್ಯೂಮರ್ ಬೋರ್ಡ್ ನಡೆಸುತ್ತೆ. ನಮ್ಮಲ್ಲೇ ಭಾರತದ ಗೈನಿಕ್ ಆಂಕಾಲಜಿಸ್ಟರ ಸಂಘ ಎಜಿಓಐ ಇದೆ, ಅದರ ವಾರ್ಷಿಕ ಸಮ್ಮೇಳನಕ್ಕೆ ರೆಸಿಡೆಂಟ್ ಆಗಿದ್ದಾಗಲೇ ಪೇಪರ್ ಹಾಕಿ. ಆಮೇಲೆ ಕ್ಲಿನಿಕ್ ಬಿಟ್ಟು ಏಳೋಕಾಗಲ್ಲ.

ಸ್ಲೈಡ್_ನೋಡುವವನು

ನಾನು ಪ್ಯಾಥಾಲಜಿಸ್ಟ್, ಹಾಸನ ಜಿಲ್ಲೆಯವನೇ. ಮೇಲಿನ ಚರ್ಚೆಯಲ್ಲಿ ನಮ್ಮನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಎಂದಿನಂತೆ.

ಪ್ರಶ್ನೆ ಕೇಳಿದ ಹುಡುಗಿಗೆ ಒಂದು ಕೋರಿಕೆ. ಎಂಸಿಎಚ್ ಸೇರಿದ ಮೇಲೆ ಪ್ಯಾಥಾಲಜಿ ಗ್ರಾಸಿಂಗ್ ಟೇಬಲ್ (ತೆಗೆದ ಅಂಗವನ್ನು ಕತ್ತರಿಸಿ ಪರೀಕ್ಷೆಗೆ ತುಣುಕು ಆರಿಸುವ ಮೇಜು) ಬಳಿ ಒಂದು ತಿಂಗಳು ಕಳೆಯಿರಿ. ನಮಗೆ ಬರುವ ಡಬ್ಬಿಗಳ ಕಥೆ ಕೇಳಿ. ಇಡೀ ಗರ್ಭಕೋಶವನ್ನು ಉಪ್ಪಿನಕಾಯಿ ಬಾಟಲಿಯಷ್ಟು ಚಿಕ್ಕ ಡಬ್ಬಿಗೆ ತುರುಕಿ, ತಳದಲ್ಲಿ ಎರಡು ಚಮಚ ಫಾರ್ಮಲಿನ್ ಹಾಕಿ ಕಳಿಸುತ್ತಾರೆ. ಅಂಗದ ಗಾತ್ರದ ಹತ್ತು ಪಟ್ಟು ಫಾರ್ಮಲಿನ್ ಇರಬೇಕು, ಇಲ್ಲದಿದ್ದರೆ ಹೊರಗೆ ಗಟ್ಟಿ, ಒಳಗೆ ಕೊಳೆತು ಹೋಗಿರುತ್ತದೆ. ಬಯಾಪ್ಸಿಯನ್ನು ಸಲೈನ್‌ನಲ್ಲಿ ಹಾಕಿ ಕಳಿಸುವವರು ಈಗಲೂ ಇದ್ದಾರೆ. ಸಂಬಂಧಿಕರಿಗೆ ತೋರಿಸಲೆಂದು ಗರ್ಭಕೋಶವನ್ನು ನಡುವೆ ಸೀಳಿದ್ದಾರೆ, ಅಂಚು ಎಲ್ಲಿತ್ತು ಎಂದು ನಾನು ಹೇಗೆ ಹೇಳಲಿ? ಲೀಪ್ ಮಾಡಿದ (ವಿದ್ಯುತ್ ತಂತಿಯಿಂದ ಗರ್ಭಕಂಠದಲ್ಲಿ ಕತ್ತರಿಸಿದ) ತುಂಡಿಗೆ 12 ಗಂಟೆಯ ಜಾಗದಲ್ಲಿ ಒಂದು ದಾರ ಹಾಕಿದರೆ ಸಾಕು, ಯಾವ ಕಡೆ ಅಂಚಿನಲ್ಲಿ ರೋಗ ಉಳಿದಿದೆ ಎಂದು ಹೇಳಬಲ್ಲೆ. ರಿಕ್ವೆಸ್ಟ್ ಫಾರಂನಲ್ಲಿ ವಯಸ್ಸು ಇರುತ್ತದೆ, ಮುಟ್ಟು ನಿಂತಿದೆಯೋ ಇಲ್ಲವೋ ಇರುವುದಿಲ್ಲ.

ಹೇಮಾವತಿ ಮೇಡಂ ಕಳಿಸುವ ಡಬ್ಬಿ ಬಂದರೆ ನಮ್ಮ ಟೆಕ್ನಿಷಿಯನ್‌ಗೇ ಗೊತ್ತಾಗುತ್ತದೆ. ಅನುಮಾನ ಇದ್ದರೆ ನಾನು ಫೋನ್ ಮಾಡುತ್ತೇನೆ, ಅವರು ಎತ್ತುತ್ತಾರೆ. ಜಿಲ್ಲಾ ಮಟ್ಟದಲ್ಲಿ ಟ್ಯೂಮರ್ ಬೋರ್ಡ್ ಎಂದರೆ ಸದ್ಯಕ್ಕೆ ಆ ಫೋನ್ ಕರೆಯೇ.

ಕಡೂರು_ಮಂಜು

ನಾನು ಡಾಕ್ಟರ್ ಅಲ್ಲ. ಕಡೂರಲ್ಲಿ ಅಡಿಕೆ, ತೆಂಗು ವ್ಯಾಪಾರ. ಹುಡುಕ್ತಾ ಹುಡುಕ್ತಾ ಈ ಪುಟ ಸಿಕ್ತು, ಓದಿ ಸುಮ್ನೆ ಹೋಗೋಕಾಗ್ಲಿಲ್ಲ.

ನಮ್ಮಮ್ಮನಿಗೆ ಅಂಡಾಶಯದ ಕ್ಯಾನ್ಸರ್. ಮೊದಲು ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಸಾಕು ಅನ್ನೋದು. ತಿಂಗಳುಗಟ್ಟಲೆ ಗ್ಯಾಸ್ ಮಾತ್ರೆ ನುಂಗಿದ್ರು. ಹೊಟ್ಟೇಲಿ ನೀರು ತುಂಬಿದ ಮೇಲೆ ಸ್ಕ್ಯಾನ್ ಮಾಡಿಸಿದ್ವಿ. ಬೆಂಗಳೂರಲ್ಲಿ ಮೂರು ಕೀಮೋ, ಆಮೇಲೆ ದೊಡ್ಡ ಆಪರೇಷನ್, ಮತ್ತೆ ಮೂರು ಕೀಮೋ. 21 ದಿನಕ್ಕೊಂದು ಸಲ ಕಡೂರಿಂದ ರೈಲು. ಆಪರೇಷನ್ ಮಾಡಿದ ಡಾಕ್ಟರ್ ಬಗ್ಗೆ ಒಂದು ಮಾತು ಆಡೋ ಹಾಗಿಲ್ಲ, ದೇವರಂಥೋರು.

ತೊಂದರೆ ಆಗಿದ್ದು ನಡುವೆ. ಎರಡನೇ ಕೀಮೋ ಆಗಿ ಹತ್ತು ದಿನಕ್ಕೆ ರಾತ್ರಿ ಜ್ವರ ಬಂತು. ಹತ್ತಿರದ ಆಸ್ಪತ್ರೆಗೆ ಕರ್‍ಕೊಂಡು ಹೋದ್ರೆ ಕೀಮೋ ಪೇಷೆಂಟ್ ಅಂದ ಕೂಡಲೇ ಕೈ ಹಿಂದೆ ತಗೊಂಡ್ರು. ಜ್ವರದ ಒಂದು ಇಂಜೆಕ್ಷನ್ ಚುಚ್ಚಿ, ಬೆಂಗಳೂರಿಗೇ ಹೋಗಿ ಅಂದ್ರು. ರಾತ್ರಿ ಹನ್ನೊಂದಕ್ಕೆ ಟ್ಯಾಕ್ಸಿ ಮಾಡಿ ಹೋದ್ವಿ. ಬಿಳಿ ರಕ್ತಕಣ ಪೂರ್ತಿ ಇಳಿದಿತ್ತಂತೆ, ಬೆಳಗಿನ ಜಾವದವರೆಗೂ ಆಂಟಿಬಯಾಟಿಕ್ ಬಿದ್ದಿರಲಿಲ್ಲ. ಉಳ್ಕೊಂಡ್ರು, ಈಗ ಚೆನ್ನಾಗಿದಾರೆ.

ನನ್ನ ಕೇಳಿದ್ರೆ ಆಪರೇಷನ್ ಬೆಂಗಳೂರಲ್ಲೇ ಆಗ್ಲಿ. ಮಿಕ್ಕಿದ್ದು ನೋಡ್ಕೊಳ್ಳೋಕೆ ಇಲ್ಲಿ ಒಬ್ಬರಿದ್ರೆ ಸಾಕು. ಅವರು ಪೇಷೆಂಟ್ ಇಲ್ದೆ ಖಾಲಿ ಕೂತ್ಕೊಳ್ಳಲ್ಲ ಅನ್ನೋದಕ್ಕೆ ನಾನು ಗ್ಯಾರಂಟಿ.

ಹೇಮಾವತಿ_ಆಂಕೋ

ಮಂಜು ಅವರೇ, ಅಮ್ಮ ಚೆನ್ನಾಗಿದಾರೆ ಅಂತ ಕೇಳಿ ಸಮಾಧಾನ ಆಯ್ತು. ಫಾಲೋ ಅಪ್ ತಪ್ಪಿಸಬೇಡಿ, ಈ ಕಾಯಿಲೆ ಮರಳಿ ಬರೋ ಸ್ವಭಾವದ್ದು. ಅಮ್ಮನಿಗೆ ಬಿಆರ್‌ಸಿಎ ಟೆಸ್ಟ್ (ವಂಶದಲ್ಲಿ ಹರಿದು ಬರೋ ಕ್ಯಾನ್ಸರ್ ಜೀನಿನದ್ದು) ಆಗಿದೆಯಾ ಅಂತ ಬೆಂಗಳೂರಿನ ಡಾಕ್ಟರನ್ನ ಕೇಳಿ. ನಿಮಗೆ ಅಕ್ಕತಂಗಿಯರು ಇದ್ರೆ ಅವರಿಗೂ ಅದು ಮುಖ್ಯ.

ನನ್ನ ಕೀಮೋ ಪೇಷೆಂಟ್‌ಗಳ ಕೈಗೆ ಕನ್ನಡದಲ್ಲಿ ಒಂದು ಚೀಟಿ ಕೊಟ್ಟಿರ್‍ತೀನಿ, ಅರ್ಧ ರೋಗಿಗೆ, ಅರ್ಧ ರಾತ್ರಿ ಡ್ಯೂಟಿ ಡಾಕ್ಟರಿಗೆ. ಜ್ವರ 100.4 ದಾಟಿದ್ರೆ ಕಾಯಬೇಡಿ, ರಕ್ತ ತೆಗೆದು ಒಂದು ಗಂಟೆಯೊಳಗೆ ಇಂಥ ಆಂಟಿಬಯಾಟಿಕ್ ನರಕ್ಕೆ ಹಾಕಿ, ಆಮೇಲೆ ನನಗೆ ಫೋನ್ ಮಾಡಿ, ಎಲ್ಲಿಗೆ ಕಳಿಸಬೇಕೋ ಆಮೇಲೆ ನೋಡೋಣ. ಸಕಲೇಶಪುರ, ಹೊಳೆನರಸೀಪುರದ ಹುಡುಗರು ಈಗ ಆ ಚೀಟಿ ನೋಡಿ ಹೆದರಲ್ಲ. ಇದನ್ನ ಎಂಸಿಎಚ್‌ನಲ್ಲಿ ಯಾರೂ ಹೇಳ್ಕೊಡಲಿಲ್ಲ, ಅಲ್ಲಿ ಜ್ವರ ಬಂದ್ರೆ ವಾರ್ಡ್ ಮೇಲಿನ ಮಹಡೀಲೇ ಇರುತ್ತಲ್ಲ.

ಮಲ್ನಾಡ್, ಇಲ್ಲಿಯ ಇನ್ನೊಂದು ಕೆಲಸ ತೋಟದ ಕ್ಯಾಲೆಂಡರ್ ನೋಡ್ಕೊಂಡು ಮಾತಾಡೋದು. ಡಿಸೆಂಬರ್‌ನಲ್ಲಿ ರೇಡಿಯೇಷನ್ ಅಂದ್ರೆ ‘ಕೊಯ್ಲು ಮುಗೀಲಿ’ ಅಂತಾರೆ. ಕೊಯ್ಲು ಅಂದ್ರೆ ಇನ್ನೆರಡು ತಿಂಗಳು, ಅಷ್ಟರಲ್ಲಿ 2ಬಿ ಇನ್ನೂ ಮುಂದುವರಿದು 3ಬಿ ಆಗಿರಬಹುದು. ಗಂಡನ ಹತ್ರ ವಾದ ಮಾಡಿ ಉಪಯೋಗ ಇಲ್ಲ, ತೋಟದ ರೈಟರ್‌ಗೋ ಮಾಲೀಕರಿಗೋ ಒಂದು ಫೋನ್ ಮಾಡಿದ್ರೆ ಸಂಬಳ ಮುಂಗಡ ಸಿಗುತ್ತೆ, ಆ ವಾರವೇ ಹೊರಡ್ತಾರೆ. ಖಾಸಗಿ ಆಸ್ಪತ್ರೆಗೆ ಹೋಗೋದಾದ್ರೆ ಆಯುಷ್ಮಾನ್ ಕಾರ್ಡಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಆ ಕಾಗದಕ್ಕೆ ಜಿಲ್ಲಾಸ್ಪತ್ರೇಲಿ ಯಾವ ಟೇಬಲ್ ಅಂತ ನಿಮ್ಮ ಅಟೆಂಡರ್‌ಗೆ ಗೊತ್ತಿರಬೇಕು.

ಸ್ಕ್ರೀನಿಂಗ್ ಬಗ್ಗೆ ಬೇರೆ ಪೋಸ್ಟ್ ಹಾಕ್ತೀನಿ, ಅದು ದೊಡ್ಡ ವಿಷಯ. ಸದ್ಯಕ್ಕೆ ಇಷ್ಟು: ಮುಂಬೈಯಲ್ಲಿ ಟಾಟಾ ಕ್ಯಾನ್ಸರ್ ಆಸ್ಪತ್ರೆಯವರು ಸ್ಲಂಗಳಲ್ಲಿ ಡಾಕ್ಟರಲ್ಲದ ಆರೋಗ್ಯ ಕಾರ್ಯಕರ್ತೆಯರ ಕೈಲಿ ವಿನೆಗರ್ ಹಚ್ಚಿ ನೋಡೋ ಪರೀಕ್ಷೆ ಮಾಡಿಸಿ, ಗರ್ಭಕಂಠದ ಕ್ಯಾನ್ಸರ್ ಸಾವು ಶೇ. 31 ಇಳಿಸಿ ತೋರಿಸಿದ್ರು. ನಾನು ಜೀವಮಾನವಿಡೀ ಆಪರೇಷನ್ ಮಾಡಿದ್ರೂ ಅಷ್ಟು ಜನರನ್ನ ಉಳಿಸೋಕಾಗಲ್ಲ. ಆಲೂರು ಕಡೆ ಕ್ಯಾಂಪಿಗೆ ಥರ್ಮಲ್ ಅಬ್ಲೇಷನ್ (ಕ್ಯಾನ್ಸರ್ ಆಗೋ ಮುಂಚಿನ ಭಾಗವನ್ನ ಬಿಸಿಯಿಂದ ಸುಡೋ) ಮಷಿನ್ ಹೊತ್ಕೊಂಡು ಹೋಗ್ತಿರ್‍ತೀನಿ. ರಜೆಗೆ ಊರಿಗೆ ಬಂದಾಗ ಬನ್ನಿ, ನೋಡೀರಂತೆ.

ಕೋಟೆ_ಸರ್

ಓದಿದೆ. ಸ್ಪೆಕ್ಯುಲಮ್ ಹಾಕದೆ ಡೇಟ್ ಕೊಡೋರ ಪಟ್ಟೀಲಿ ನನ್ನ ಸೇರಿಸ್ಬೇಡಿ ಮೇಡಂ, ನಾನು ಹಳೇ ಕಾಲದೋನು, ಕೈಯಿಟ್ಟು ನೋಡ್ದೆ ಏನೂ ಬರೆಯಲ್ಲ.

ಹೆರಿಗೆ ಬಿಟ್ಟೋರಿಗೆ ಪೇಷೆಂಟ್ ಕಳಿಸ್ತೀವಿ ಅಂದ್ರಲ್ಲ, ಅದು ಸತ್ಯ. ಬಾಯಿ ಬಿಟ್ಟು ಹೇಳಿದ್ದು ನೀವೇ ಮೊದಲು. ನನ್ನ ಹತ್ರ ಒಬ್ಬರಿದಾರೆ, ಕೊಪ್ಪದೋರು, ಮುತ್ತು ಗರ್ಭ (ಮಾಸು ಗುಳ್ಳೆಗಳಾಗಿ ಬೆಳೆಯೋ ಮೋಲ್) ತೆಗೆದು ಆರು ವಾರ ಆಯ್ತು, ಬೀಟಾ ಎಚ್‌ಸಿಜಿ (ಬಸಿರಿನ ಹಾರ್ಮೋನ್) ಇಳಿದಿದ್ದು ಮತ್ತೆ ಏರ್‍ತಾ ಇದೆ. ಕಳಿಸ್ಲಾ?

ಹೇಮಾವತಿ_ಆಂಕೋ

ನಾಳೆನೇ ಕಳಿಸಿ ಸರ್. ಇದುವರೆಗಿನ ಎಲ್ಲ ಎಚ್‌ಸಿಜಿ ರಿಪೋರ್ಟೂ ತಾರೀಖಿನ ಸಮೇತ, ಎದೆಯ ಎಕ್ಸ್‌ರೇ, ಹಳೇ ಸ್ಲೈಡ್ ತರೋಕೆ ಹೇಳಿ. ಇನ್ನೊಂದು ಸಲ ಡಿ ಅಂಡ್ ಸಿ (ಗರ್ಭಕೋಶ ಕೆರೆಯೋದು) ಮಾಡೋಕೆ ಹೋಗ್ಬೇಡಿ, ಯೋನಿಯಲ್ಲಿ ಗಂಟು ಕಂಡ್ರೂ ಬಯಾಪ್ಸಿ ಬೇಡ, ರಕ್ತ ನಿಲ್ಲಲ್ಲ. ಅಪಾಯದ ಸ್ಕೋರ್ 6 ದಾಟಿರದಿದ್ರೆ ಮೆಥೋಟ್ರೆಕ್ಸೇಟ್ ಕೀಮೋ ಸಾಕು, ಹೆಚ್ಚುಕಮ್ಮಿ ಎಲ್ಲರೂ ಗುಣ ಆಗ್ತಾರೆ, ಮುಂದೆ ಮಗುವೂ ಆಗುತ್ತೆ. ಅವರಿಗೆ ಕ್ಯಾನ್ಸರ್ ಅನ್ನೋ ಪದ ನೀವು ಹೇಳ್ಬೇಡಿ, ಕೂರಿಸ್ಕೊಂಡು ನಾನೇ ಹೇಳ್ತೀನಿ.

ಮಲ್ನಾಡ್_ಒಬಿಜಿ

ಎಲ್ಲರಿಗೂ ಥ್ಯಾಂಕ್ಸ್. ಎರಡು ಸಂಸ್ಥೆಯ ಎರಡನೇ ವರ್ಷದೋರ ನಂಬರ್ ಸೀನಿಯರ್ ಮೂಲಕ ಸಿಕ್ತು. ಒಬ್ಬರು ‘ಒಂದು ಪಕ್ಕ ನಿಮಗೆ ಬಿಡ್ತಾರಾ’ ಅಂತ ಕೇಳಿದ ತಕ್ಷಣ ಯಾರು ಹೇಳ್ಕೊಟ್ರು ಈ ಪ್ರಶ್ನೆ ಅಂತ ಕೇಳಿದ್ರು. ಇನ್ನೊಬ್ಬರು ಟ್ಯೂಮರ್ ಬೋರ್ಡ್ ಪ್ರಶ್ನೆಗೆ ನಕ್ಕರು. ಪ್ಯಾಥಾಲಜಿ ಸರ್, ಗ್ರಾಸಿಂಗ್ ಟೇಬಲ್‌ಗೆ ಎಂಸಿಎಚ್ ತನಕ ಕಾಯಲ್ಲ, ನಮ್ಮ ಕಾಲೇಜಲ್ಲೇ ಮುಂದಿನ ವಾರದಿಂದ ಮಧ್ಯಾಹ್ನ ಹೋಗೋಕೆ ಎಚ್‌ಓಡಿ ಒಪ್ಪಿದಾರೆ. ಮೇಡಂ, ಆ ಕೀಮೋ ಜ್ವರದ ಚೀಟಿಯ ಒಂದು ಫೋಟೋ ಹಾಕ್ತೀರಾ? ನಮ್ಮ ಕ್ಯಾಶುವಾಲ್ಟಿಯಲ್ಲಿ ಅಂಟಿಸೋಣ ಅಂತ.